ಕೊಟ್ಟ ಮಾತು ಮತ್ತು ರಾಷ್ಟ್ರದ ಪರಮಾಧಿಕಾರ

(ವಿದೇಶೀ ಬಂಡವಾಳಗಾರರೊಡನೆ ಸರಕಾರಗಳು ಮಾಡಿಕೊಳ್ಳುವ ಕರಾರುಗಳು: ಅಂತರರಾಷ್ಟ್ರೀಯ ನ್ಯಾಯದ ಬೆಳಕಿನಲ್ಲಿ ಒಂದು ಅಧ್ಯಯನ)

ಇಬ್ಬರು ವ್ಯಾಪಾರಿಗಳು ಕರಾರು ಮಾಡಿಕೊಂಡಾಗ ಅವರಿಬ್ಬರ ಮೇಲೂ ಕಾನೂನು ಇರುತ್ತದೆ. ಒಬ್ಬನು ಮಾತಿಗೆ ತಪ್ಪಿದರೆ ಮತ್ತೊಬ್ಬನು ನ್ಯಾಯಾಲಯದ ಮೊರೆ ಹೋಗುತ್ತಾನೆ. ನ್ಯಾಯಾಧೀಶರು ಪತ್ರಗಳನ್ನು ಪರಿಶೀಲಿಸಿ, ತಪ್ಪಿದವನಿಂದ ನಷ್ಟವನ್ನು ತುಂಬಿಸಿಕೊಡುತ್ತಾರೆ. ಆದರೆ ಕರಾರಿನ ಒಂದು ಪಕ್ಷವು ಸರಕಾರವೇ ಆಗಿದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ. ಸರಕಾರವು ಕರಾರಿಗೆ ಸಹಿ ಹಾಕಿದ ಪಕ್ಷವೂ ಹೌದು, ಆ ಕರಾರನ್ನು ಆಳುವ ಕಾನೂನನ್ನು ನಿರ್ಮಿಸುವ ಶಕ್ತಿಯೂ ಹೌದು. ಇಂದು ತಾನೇ ಬರೆದುಕೊಟ್ಟ ಹಕ್ಕನ್ನು ಅದು ನಾಳೆ ಒಂದು ಶಾಸನದಿಂದ ಅಳಿಸಿಹಾಕಬಲ್ಲದು. ಎದುರಿನ ಪಕ್ಷವು ಪರದೇಶದ ಕಂಪನಿಯಾಗಿದ್ದರೆ ಅದು ಯಾರ ಬಳಿ ದೂರಬೇಕು? ಯಾವ ಕಾನೂನಿನ ಆಸರೆಯನ್ನು ಪಡೆಯಬೇಕು?

ಈ ಪ್ರಶ್ನೆಯ ಹಿಂದೆ ಎರಡು ತತ್ತ್ವಗಳು ಮುಖಾಮುಖಿಯಾಗಿ ನಿಂತಿವೆ. ಮಾಡಿದ ಕರಾರನ್ನು ನಿಷ್ಠೆಯಿಂದ ಪಾಲಿಸಬೇಕೆಂಬುದು ಒಂದು. ಒಂದು ನಾಡಿನ ನೆಲ, ಜಲ, ಖನಿಜಗಳ ಮೇಲೆ ಆ ನಾಡಿನ ಜನತೆಗೇ ಅಂತಿಮ ಅಧಿಕಾರವಿರಬೇಕೆಂಬುದು ಇನ್ನೊಂದು. ಎರಡೂ ನ್ಯಾಯವಾದುವೇ. ಮೊದಲನೆಯದನ್ನು ಕೈಬಿಟ್ಟರೆ ಯಾವ ದೇಶವನ್ನೂ ಯಾರೂ ನಂಬುವಂತಿಲ್ಲ. ಎರಡನೆಯದನ್ನು ಕೈಬಿಟ್ಟರೆ, ಹಿಂದೆಂದೋ ಒಬ್ಬ ಅರಸನು ಹಾಕಿದ ಸಹಿಗೆ ಮುಂದಿನ ಮೂರು ತಲೆಮಾರುಗಳು ಅಡವಾಗುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಈ ತತ್ತ್ವಗಳ ಘರ್ಷಣೆ ಹೇಗೆ ನಡೆಯಿತು, ಅದರಿಂದ ಯಾವ ನಿಯಮಗಳು ಮೂಡಿಬಂದವು ಎಂಬುದನ್ನು ಕೆಲವು ಪ್ರಸಿದ್ಧ ವ್ಯಾಜ್ಯಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಸರಕಾರದ ಎರಡು ಮುಖಗಳು

ಮೊದಲಿಗೆ ಎರಡು ಪದಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎರಡು ರಾಷ್ಟ್ರಗಳ ನಡುವೆ ಆಗುವುದು ಒಡಂಬಡಿಕೆ. ಅದನ್ನು ಅಂತರರಾಷ್ಟ್ರೀಯ ನ್ಯಾಯವು ಆಳುತ್ತದೆ. ಒಂದು ಸರಕಾರಕ್ಕೂ ಒಂದು ಕಂಪನಿಗೂ ನಡುವೆ ಆಗುವುದು ಕರಾರು. ಅದು ಸಾಮಾನ್ಯವಾಗಿ ಯಾವುದಾದರೊಂದು ದೇಶದ ಒಳನಾಡಿನ ಕಾನೂನಿಗೆ ಒಳಪಟ್ಟಿರುತ್ತದೆ. 1929ರಲ್ಲಿ ಸರ್ಬಿಯಾ ದೇಶದ ಸಾಲಪತ್ರಗಳ ವ್ಯಾಜ್ಯದಲ್ಲಿ ಅಂದಿನ ಅಂತರರಾಷ್ಟ್ರೀಯ ನ್ಯಾಯದ ಕಾಯಂ ನ್ಯಾಯಾಲಯವು ಈ ನಿಯಮವನ್ನು ನಿಸ್ಸಂದಿಗ್ಧವಾಗಿ ಎತ್ತಿಹಿಡಿಯಿತು. ರಾಷ್ಟ್ರಗಳು ರಾಷ್ಟ್ರಗಳಾಗಿ ಪರಸ್ಪರ ಮಾಡಿಕೊಳ್ಳದ ಯಾವ ಕರಾರಿಗೂ ಮೂಲವು ಒಂದು ದೇಶದ ಆಂತರಿಕ ಕಾನೂನೇ ಎಂಬುದು ಆ ತೀರ್ಪಿನ ತಿರುಳು.

ಆದಕಾರಣ, ಸರಕಾರವು ಕರಾರಿಗೆ ತಪ್ಪಿದ ಮಾತ್ರಕ್ಕೆ ಅಂತರರಾಷ್ಟ್ರೀಯ ಅಪರಾಧ ಮಾಡಿದಂತಾಗುವುದಿಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ವಿದೇಶೀ ಕಂಪನಿಯು ಸೇತುವೆಯನ್ನು ಕಟ್ಟಿಕೊಟ್ಟಿದೆ. ಸರಕಾರವು ಬಿಲ್ಲಿನ ಹಣವನ್ನು ಒಂದು ವರ್ಷ ತಡಮಾಡಿದೆ. ಇದು ತಪ್ಪೇ. ಆದರೆ ಯಾವ ವ್ಯಾಪಾರಿಯೂ ಮಾಡಬಹುದಾದ ತಪ್ಪು ಇದು. ಕಂಪನಿಯು ಕರಾರಿನಲ್ಲಿ ಹೇಳಿರುವ ನ್ಯಾಯಾಲಯಕ್ಕೆ ಹೋಗತಕ್ಕದ್ದು. ಇನ್ನೊಂದು ಸಂದರ್ಭದಲ್ಲಿ ಸರಕಾರವು ಒಂದು ಶಾಸನವನ್ನು ಹೊರಡಿಸಿ ಕರಾರನ್ನೇ ರದ್ದುಮಾಡಿ, ಪರಿಹಾರವನ್ನೂ ಕೊಡದೆ, ನ್ಯಾಯಾಲಯದ ಬಾಗಿಲನ್ನೂ ಮುಚ್ಚಿದೆ. ಇದನ್ನು ಯಾವ ವ್ಯಾಪಾರಿಯೂ ಮಾಡಲಾರನು. ರಾಜದಂಡವನ್ನು ಹಿಡಿದವನು ಮಾತ್ರ ಮಾಡಬಲ್ಲನು. ಅಂತರರಾಷ್ಟ್ರೀಯ ನ್ಯಾಯವು ಕಣ್ಣು ತೆರೆಯುವುದು ಇಂಥ ಸಂದರ್ಭದಲ್ಲಿ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವು 2001ರಲ್ಲಿ ರಾಷ್ಟ್ರಗಳ ಹೊಣೆಗಾರಿಕೆಯನ್ನು ಕುರಿತು ಪ್ರಕಟಿಸಿದ ವಿಧಿಗಳ ವ್ಯಾಖ್ಯಾನದಲ್ಲಿಯೂ ಬರಿಯ ಕರಾರುಭಂಗಕ್ಕೂ ಅಂತರರಾಷ್ಟ್ರೀಯ ಕರ್ತವ್ಯಭಂಗಕ್ಕೂ ಇರುವ ಈ ಭೇದವನ್ನು ಒಪ್ಪಿದೆ.

ಇರಾನಿನ ಎಣ್ಣೆ

ಈ ಭೇದವು ಎಷ್ಟು ಮಹತ್ವದ್ದೆಂಬುದನ್ನು ಜಗತ್ತಿಗೆ ತೋರಿಸಿದ್ದು ಇರಾನಿನ ವ್ಯಾಜ್ಯ. 1901ರಲ್ಲಿ ಅಂದಿನ ಪರ್ಷಿಯದ ಶಹಾ ಅವರು ವಿಲಿಯಂ ಡಾರ್ಸಿ ಎಂಬ ಉದ್ಯಮಿಗೆ 60 ವರ್ಷಗಳ ಕಾಲ ಎಣ್ಣೆ ತೆಗೆಯುವ ಹಕ್ಕನ್ನು ಬರೆದುಕೊಟ್ಟರು. ದೇಶಕ್ಕೆ ದೊರೆಯಬೇಕಾದುದು ನಿವ್ವಳ ಲಾಭದ ಶೇಕಡಾ 16 ಭಾಗ. 1908ರಲ್ಲಿ ಎಣ್ಣೆ ಸಿಕ್ಕಿತು. ಮರುವರ್ಷ ಕಂಪನಿ ಸ್ಥಾಪಿತವಾಯಿತು. 1914ರಲ್ಲಿ ಬ್ರಿಟಿಷ್ ಸರಕಾರವೇ ಅದರ ಬಹುಪಾಲು ಷೇರುಗಳನ್ನು ಕೊಂಡಿತು. 1932ರಲ್ಲಿ ರೆಜಾ ಶಹಾ ಈ ಹಕ್ಕನ್ನು ರದ್ದುಪಡಿಸಿದಾಗ ವಿವಾದವು ರಾಷ್ಟ್ರಸಂಘದ ಮುಂದೆ ಹೋಗಿ, 1933ರಲ್ಲಿ ಹೊಸ ಕರಾರು ಆಯಿತು. ಅದರ ಅವಧಿ ಮತ್ತೆ 60 ವರ್ಷ. ಸರಕಾರವು ಈ ಕರಾರನ್ನು ರದ್ದುಮಾಡಕೂಡದು, ಶಾಸನದಿಂದ ಬದಲಿಸಕೂಡದು ಎಂಬ ಷರತ್ತು ಅದರಲ್ಲಿ ಇದ್ದಿತು. ಇಂಥದನ್ನು ನ್ಯಾಯವೇತ್ತರು ‘ಸ್ಥಿರತೆಯ ಷರತ್ತು’ ಎಂದು ಕರೆಯುತ್ತಾರೆ.

ಎರಡನೆಯ ಮಹಾಯುದ್ಧದ ತರುವಾಯ ಇರಾನಿನ ಜನತೆಯಲ್ಲಿ ಅಸಮಾಧಾನ ಕುದಿಯತೊಡಗಿತು. ತಮ್ಮ ನೆಲದ ಎಣ್ಣೆಯಿಂದ ತಮಗೆ ಬರುವ ಪಾಲಿಗಿಂತ ಬ್ರಿಟಿಷ್ ಬೊಕ್ಕಸಕ್ಕೆ ಕಂಪನಿಯು ತೆರುವ ಕರವೇ ಹೆಚ್ಚೆಂಬುದು ಅವರ ದೂರಾಗಿತ್ತು. 1951ರ ಮಾರ್ಚಿಯಲ್ಲಿ ಅಲ್ಲಿಯ ಸಂಸತ್ತು ಎಣ್ಣೆ ಉದ್ಯಮದ ರಾಷ್ಟ್ರೀಕರಣವನ್ನು ಅಂಗೀಕರಿಸಿತು. ಏಪ್ರಿಲ್ ಕೊನೆಗೆ ಅದರ ಮುಂದಾಳು ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು. ಪರಿಹಾರದ ಬೇಡಿಕೆಗಳಿಗಾಗಿ ಎಣ್ಣೆಯ ವರಮಾನದಲ್ಲಿ ಶೇಕಡಾ 25ರವರೆಗೆ ತೆಗೆದಿರಿಸಲು ರಾಷ್ಟ್ರೀಕರಣದ ಶಾಸನದಲ್ಲಿಯೇ ಅವಕಾಶವಿದ್ದಿತು. ಆದರೂ ಬ್ರಿಟನ್ ಅದೇ ವರ್ಷದ ಮೇ ತಿಂಗಳಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದಾವೆಯನ್ನು ಒಯ್ದಿತು. 1952ರ ಜೂನ್ ತಿಂಗಳಲ್ಲಿ ವೃದ್ಧ ಪ್ರಧಾನಿ ಮೊಸಾದೆಗ್ ಸ್ವತಃ ಹೇಗ್‌ಗೆ ಬಂದು ನ್ಯಾಯಾಧೀಶರನ್ನುದ್ದೇಶಿಸಿ ಮಾತನಾಡಿದರು.

ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಇದು. ಇರಾನ್ ನ್ಯಾಯಾಲಯದ ಅಧಿಕಾರವನ್ನು ಒಪ್ಪಿದ್ದುದು ಒಡಂಬಡಿಕೆಗಳಿಂದ ಹುಟ್ಟುವ ವಿವಾದಗಳ ಮಟ್ಟಿಗೆ ಮಾತ್ರ. ಹೀಗಿರಲು, 1933ರ ಪತ್ರವು ರಾಷ್ಟ್ರಸಂಘದ ಸಮ್ಮುಖದಲ್ಲಿ ಕುದುರಿದುದರಿಂದ ಅದು ಕರಾರೂ ಹೌದು, ಎರಡು ರಾಷ್ಟ್ರಗಳ ಒಡಂಬಡಿಕೆಯೂ ಹೌದೆಂದು ಬ್ರಿಟನ್ ವಾದಿಸಿತು. 1952ರ ಜುಲೈ 22ರಂದು ನ್ಯಾಯಾಲಯವು 9 ಮತಗಳಿಗೆ 5ರಂತೆ ತೀರ್ಪಿತ್ತಿತು. ಅದು ಒಂದು ಸರಕಾರಕ್ಕೂ ಒಂದು ಕಂಪನಿಗೂ ಆದ ಕರಾರು ಅಷ್ಟೆ. ಬ್ರಿಟಿಷ್ ಸರಕಾರವು ಅದರ ಪಕ್ಷವೇ ಅಲ್ಲ. ಆದುದರಿಂದ ಈ ವಿವಾದವನ್ನು ವಿಚಾರಿಸಲು ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಬ್ರಿಟನ್ನಿನವರೇ ಆದ ನ್ಯಾಯಾಧೀಶ ಅರ್ನಾಲ್ಡ್ ಮ್ಯಾಕ್‌ನೇರ್ ಅವರೂ ತಮ್ಮ ದೇಶದ ವಾದವನ್ನು ಒಪ್ಪದೆ ಬಹುಮತದೊಡನೆ ನಿಂತುದು ನ್ಯಾಯದ ಇತಿಹಾಸದಲ್ಲಿ ಸ್ಮರಣೀಯವಾಗಿದೆ. ಕನ್ನಡಿಗರಿಗೆ ಹೆಮ್ಮೆ ತರುವ ಮತ್ತೊಂದು ಸಂಗತಿಯೂ ಉಂಟು. ದಕ್ಷಿಣ ಕನ್ನಡ ಮೂಲದ ಸರ್ ಬೆನಗಲ್ ನರಸಿಂಗ ರಾಯರು ಅಂದು ಆ ನ್ಯಾಯಾಲಯದ ಸದಸ್ಯರಾಗಿದ್ದರು. ಆದರೆ 1951ರಲ್ಲಿ ಇದೇ ವಿವಾದವು ಭದ್ರತಾ ಮಂಡಲಿಯ ಮುಂದೆ ಬಂದಾಗ ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಅವರೇ. ಆದಕಾರಣ ಈ ವ್ಯಾಜ್ಯದ ವಿಚಾರಣೆಯಲ್ಲಿ ಅವರು ಕೂಡಲಿಲ್ಲ.

ನ್ಯಾಯಾಲಯದಲ್ಲಿ ಗೆದ್ದ ಇರಾನ್ ರಾಜಕೀಯದಲ್ಲಿ ಸೋತಿತು. ಎಣ್ಣೆಯನ್ನು ಕೊಳ್ಳುವವರಿಲ್ಲದೆ ದೇಶದ ಆದಾಯ ಬತ್ತಿತು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳ ಗುಪ್ತಚರ ಇಲಾಖೆಗಳ ಕೈವಾಡದಿಂದ ಮೊಸಾದೆಗ್ ಪದಚ್ಯುತರಾದರು. 1954ರಲ್ಲಿ ವಿದೇಶೀ ಕಂಪನಿಗಳ ಒಕ್ಕೂಟವೊಂದು ಎಣ್ಣೆಯ ವಹಿವಾಟಿಗೆ ಮರಳಿತು. ಅದರಲ್ಲಿ ಹಳೆಯ ಕಂಪನಿಯ ಪಾಲು ಶೇಕಡಾ 40. ನ್ಯಾಯದ ಬಾಗಿಲು ಮುಚ್ಚಿದ ಎಡೆಯಲ್ಲಿ ಬಲದ ಬಾಗಿಲು ತೆರೆಯುತ್ತದೆಂಬ ಕಹಿಪಾಠವನ್ನು ಎರಡೂ ಕಡೆಯವರು ಕಲಿಯಬೇಕಾಯಿತು.

ಲಿಬಿಯಾ: ಒಂದೇ ಷರತ್ತು, ಮೂರು ತೀರ್ಪು

ಇರಾನಿನ ಪ್ರಸಂಗದ ಅನಂತರ ಕಂಪನಿಗಳು ತಮ್ಮ ಕರಾರುಗಳನ್ನು ಮತ್ತಷ್ಟು ಎಚ್ಚರದಿಂದ ಬರೆಯತೊಡಗಿದವು. ಲಿಬಿಯಾದ 1955ರ ಪೆಟ್ರೋಲಿಯಂ ಶಾಸನದ ಅನ್ವಯ ಆದ ಕರಾರುಗಳು ಇದಕ್ಕೆ ನಿದರ್ಶನ. ಇಬ್ಬರ ಒಪ್ಪಿಗೆಯಿಲ್ಲದೆ ಕರಾರಿನ ಹಕ್ಕುಗಳನ್ನು ಬದಲಿಸಕೂಡದೆಂಬ ಷರತ್ತು ಅವುಗಳಲ್ಲಿದ್ದಿತು. ವಿವಾದವುಂಟಾದರೆ ಲಿಬಿಯಾದ ಕಾನೂನು ಮತ್ತು ಅಂತರರಾಷ್ಟ್ರೀಯ ನ್ಯಾಯ ಇವೆರಡಕ್ಕೂ ಸಮಾನವಾದ ತತ್ತ್ವಗಳಂತೆಯೂ, ಅಂಥವು ದೊರೆಯದಿದ್ದಲ್ಲಿ ನ್ಯಾಯದ ಸಾಮಾನ್ಯ ತತ್ತ್ವಗಳಂತೆಯೂ ಮಧ್ಯಸ್ಥರು ತೀರ್ಮಾನಿಸಬೇಕೆಂದು ಬರೆಯಲಾಗಿತ್ತು. ಒಂದು ಪಕ್ಷವು ಮಧ್ಯಸ್ಥರನ್ನು ನೇಮಿಸದಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷರು ನೇಮಿಸಬಹುದಾಗಿತ್ತು.

1969ರಲ್ಲಿ ರಾಜಪ್ರಭುತ್ವ ಉರುಳಿ ಕರ್ನಲ್ ಗಡಾಫಿಯ ಆಡಳಿತ ಬಂದಿತು. 1971ರ ಡಿಸೆಂಬರಿನಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ಹಕ್ಕುಗಳು ರಾಷ್ಟ್ರೀಕೃತವಾದವು. ಪರ್ಷಿಯನ್ ಕೊಲ್ಲಿಯ ಮೂರು ದ್ವೀಪಗಳನ್ನು ಇರಾನ್ ಆಕ್ರಮಿಸಿದುದನ್ನು ಬ್ರಿಟನ್ ತಡೆಯಲಿಲ್ಲವೆಂಬ ರೋಷವೇ ಇದಕ್ಕೆ ಕಾರಣ. 1973 ಮತ್ತು 1974ರಲ್ಲಿ ಟೆಕ್ಸಾಕೊ ಮೊದಲಾದ ಅಮೆರಿಕನ್ ಕಂಪನಿಗಳ ಸರದಿ ಬಂದಿತು. ಲಿಬಿಯಾ ಯಾವ ವಿಚಾರಣೆಗೂ ಹಾಜರಾಗಲಿಲ್ಲ. ಮೂರು ವ್ಯಾಜ್ಯಗಳಿಗೆ ಮೂವರು ಮಧ್ಯಸ್ಥರು ನೇಮಕಗೊಂಡರು. ಕರಾರಿನ ಷರತ್ತುಗಳು ಬಹುಮಟ್ಟಿಗೆ ಒಂದೇ. ಆದರೆ ತೀರ್ಪುಗಳು ಒಂದೇ ಆಗಲಿಲ್ಲ.

ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್ ಅವರು 1973ರಲ್ಲಿ ಬ್ರಿಟಿಷ್ ಪೆಟ್ರೋಲಿಯಂ ವ್ಯಾಜ್ಯವನ್ನು ತೀರ್ಮಾನಿಸಿದರು. ಲಿಬಿಯಾದ ಕೃತ್ಯವು ರಾಜಕೀಯ ಉದ್ದೇಶದ್ದು, ಸ್ವೇಚ್ಛೆಯದು ಮತ್ತು ಭೇದಭಾವದ್ದು ಆದುದರಿಂದ ಅದು ಅಂತರರಾಷ್ಟ್ರೀಯ ನ್ಯಾಯಕ್ಕೆ ವಿರುದ್ಧ; ಆದರೂ ಕಂಪನಿಗೆ ಸಲ್ಲುವುದು ನಷ್ಟಪರಿಹಾರವೇ ಹೊರತು ಎಣ್ಣೆಯ ಕ್ಷೇತ್ರವಲ್ಲ ಎಂದರು. 1977ರ ಜನವರಿಯಲ್ಲಿ ಫ್ರಾನ್ಸಿನ ಪ್ರಾಧ್ಯಾಪಕ ರೆನೆ ಜಾನ್ ದ್ಯುಪ್ಯುಯಿ ಅವರು ಟೆಕ್ಸಾಕೊ ವ್ಯಾಜ್ಯದಲ್ಲಿ ಇನ್ನೂ ಮುಂದೆ ಹೋದರು. ಅವರ ಅಭಿಪ್ರಾಯದಲ್ಲಿ ಈ ಕರಾರುಗಳು ಅಂತರರಾಷ್ಟ್ರೀಯ ಸ್ವರೂಪವನ್ನು ತಾಳಿದ್ದವು. ಮಾತು ಕೊಡುವುದೂ ಪರಮಾಧಿಕಾರದ ಒಂದು ಚಲಾವಣೆಯೇ. ಕೊಟ್ಟ ಮಾತಿಗೆ ಬದ್ಧವಾಗುವುದರಿಂದ ರಾಷ್ಟ್ರದ ಪರಮಾಧಿಕಾರಕ್ಕೆ ಕುಂದಿಲ್ಲ. ಆದಕಾರಣ ಲಿಬಿಯಾ ಕರಾರನ್ನು ಯಥಾಸ್ಥಿತಿಯಲ್ಲಿ ನೆರವೇರಿಸಬೇಕೆಂದು ಅವರು ವಿಧಿಸಿದರು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಲೆಬನಾನಿನ ನ್ಯಾಯವೇತ್ತ ಸೋಭಿ ಮಹ್ಮಸಾನಿ ಅವರು ‘ಲಿಯಾಮ್ಕೊ’ ಕಂಪನಿಯ ವ್ಯಾಜ್ಯದಲ್ಲಿ ಬೇರೆ ದಾರಿ ಹಿಡಿದರು. ರಾಷ್ಟ್ರೀಕರಣವು ತನ್ನಷ್ಟಕ್ಕೆ ಅಕ್ರಮವಲ್ಲ. ಆದರೆ ನ್ಯಾಯೋಚಿತ ಪರಿಹಾರವನ್ನು ಕೊಡದೆ ಇರಲಾಗದು. ಹೀಗೆಂದು ಅವರು ಸುಮಾರು 8 ಕೋಟಿ ಡಾಲರುಗಳನ್ನು ಗೊತ್ತುಮಾಡಿದರು.

ಟೆಕ್ಸಾಕೊ ತೀರ್ಪು ಕಾಗದದ ಮೇಲೆ ಎಲ್ಲಕ್ಕಿಂತ ಕಠಿಣವಾದುದು. ಆದರೆ ಎಣ್ಣೆ ಬಾವಿಗಳು ಕಂಪನಿಗೆ ಮರಳಿ ಬರಲಿಲ್ಲ. 1977ರಲ್ಲಿಯೇ 15.2 ಕೋಟಿ ಡಾಲರ್ ಬೆಲೆಯ ಕಚ್ಚಾ ಎಣ್ಣೆಯನ್ನು ಪಡೆಯುವ ರಾಜಿಯೊಂದಿಗೆ ವ್ಯಾಜ್ಯ ಮುಗಿಯಿತು. ಪರಮಾಧಿಕಾರವುಳ್ಳ ರಾಷ್ಟ್ರದಿಂದ ಹಣವನ್ನು ಪಡೆಯಬಹುದು, ಅದರ ನೆಲವನ್ನು ಪಡೆಯುವುದು ದುಸ್ತರವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕುವೈತಿನ ಮಧ್ಯಮ ಮಾರ್ಗ

1982ರ ಮಾರ್ಚ್ 24ರ ಕುವೈತ್ ತೀರ್ಪು ಈ ಗೊಂದಲಕ್ಕೆ ಒಂದು ಸಮಾಧಾನವನ್ನು ಒದಗಿಸಿತು. ‘ಅಮಿನಾಯಿಲ್’ ಎಂಬ ಅಮೆರಿಕನ್ ಕಂಪನಿಗೆ 1948ರಲ್ಲಿ 60 ವರ್ಷಗಳ ಹಕ್ಕನ್ನು ಕೊಡಲಾಗಿತ್ತು. ಶಾಸನದಿಂದ ಇದನ್ನು ರದ್ದುಮಾಡಕೂಡದೆಂಬ ಷರತ್ತು ಅಲ್ಲಿಯೂ ಇದ್ದಿತು. 1977ರಲ್ಲಿ ಕುವೈತ್ ಸರಕಾರ ಅದನ್ನು ಕೊನೆಗೊಳಿಸಿತು. ಆದರೆ ಲಿಬಿಯಾದಂತೆ ಮುಖ ತಿರುಗಿಸದೆ, ಮಧ್ಯಸ್ಥಿಕೆಗೆ ಒಪ್ಪಿ ತನ್ನ ವಾದವನ್ನು ಮಂಡಿಸಿತು. ಮೂವರು ಮಧ್ಯಸ್ಥರ ಬಹುಮತದ ಅಭಿಪ್ರಾಯವು ಹೀಗಿತ್ತು: ರಾಷ್ಟ್ರೀಕರಣ ಮಾಡುವುದಿಲ್ಲವೆಂದು ಒಂದು ರಾಷ್ಟ್ರವು ಮಾತು ಕೊಡಬಹುದು, ಆದರೆ ಅದು ಅತ್ಯಂತ ಗುರುತರವಾದ ಮಾತಾದುದರಿಂದ ಸ್ಪಷ್ಟ ಶಬ್ದಗಳಲ್ಲಿ, ಮಿತವಾದ ಅವಧಿಗೆ ಮಾತ್ರ ಕೊಟ್ಟಿರಬೇಕು. 60 ವರ್ಷಗಳ ಕರಾರಿನಲ್ಲಿರುವ ಸಾಮಾನ್ಯ ಷರತ್ತಿನಿಂದ ಅಷ್ಟು ದೊಡ್ಡ ಕಟ್ಟನ್ನು ಊಹಿಸಲಾಗದು. ಪರಿಹಾರ ಕೊಟ್ಟು ಮಾಡುವ ರಾಷ್ಟ್ರೀಕರಣಕ್ಕೆ ಅಡ್ಡಿಯಿಲ್ಲ. ಆದರೆ ಕಂಪನಿಯು ಇಟ್ಟಿದ್ದ ನ್ಯಾಯಸಮ್ಮತ ನಿರೀಕ್ಷೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದರಂತೆ ಕುವೈತ್ ಸುಮಾರು 18 ಕೋಟಿ ಡಾಲರ್ ಕೊಡಬೇಕೆಂದು ತೀರ್ಮಾನವಾಯಿತು.

ವಿಶ್ವಸಂಸ್ಥೆಯ ಮಹಾಸಭೆಯು 1962ರ ಡಿಸೆಂಬರ್ 14ರಂದು ಅಂಗೀಕರಿಸಿದ್ದ 1803ನೆಯ ನಿರ್ಣಯದ ಭಾವವೂ ಇದೇ ಆಗಿದ್ದಿತು. ನೈಸರ್ಗಿಕ ಸಂಪತ್ತಿನ ಮೇಲೆ ಜನತೆಯ ಶಾಶ್ವತ ಅಧಿಕಾರವನ್ನು ಸಾರಿದ ಆ ನಿರ್ಣಯವು, ಸಾರ್ವಜನಿಕ ಹಿತಕ್ಕಾಗಿ ಸ್ವತ್ತನ್ನು ತೆಗೆದುಕೊಂಡಾಗ ಸೂಕ್ತ ಪರಿಹಾರ ಕೊಡಬೇಕೆಂದೂ ಹೇಳಿತ್ತು. ಹಕ್ಕು ಮತ್ತು ಹೊಣೆ ಒಂದೇ ನಿರ್ಣಯದಲ್ಲಿ ಜೊತೆಯಾಗಿ ಬಂದಿವೆಯೆಂಬುದು ಗಮನಾರ್ಹ.

ಒಡಂಬಡಿಕೆಗಳ ಕೊಡೆ

ಎಣ್ಣೆಯ ವ್ಯಾಜ್ಯಗಳು ನಡೆಯುತ್ತಿದ್ದಾಗಲೇ ಇನ್ನೊಂದು ಬೆಳವಣಿಗೆಯೂ ಆರಂಭವಾಗಿತ್ತು. ಬಂಡವಾಳಗಾರರ ರಕ್ಷಣೆಗಾಗಿ ರಾಷ್ಟ್ರ ರಾಷ್ಟ್ರಗಳೇ ಒಡಂಬಡಿಕೆ ಮಾಡಿಕೊಳ್ಳುವ ಪದ್ಧತಿ ಅದು. 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನಗಳ ನಡುವೆ ಆದುದು ಇವುಗಳಲ್ಲಿ ಮೊದಲನೆಯದು. ಕ್ರಮೇಣ ಇವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಕಂಪನಿಯು ತನ್ನ ದೇಶದ ಸರಕಾರದ ಬೆನ್ನುಹತ್ತದೆ ತಾನೇ ನೇರವಾಗಿ ವಿದೇಶೀ ಸರಕಾರದ ಮೇಲೆ ದಾವೆ ಹೂಡಲು ಇಂಥ ಒಡಂಬಡಿಕೆಗಳು ಕಾಲಕ್ರಮದಲ್ಲಿ ಅವಕಾಶ ಕಲ್ಪಿಸಿದವು.

ಕೆಲವು ಒಡಂಬಡಿಕೆಗಳಲ್ಲಿ, ಬಂಡವಾಳಗಾರರಿಗೆ ಕೊಟ್ಟ ಎಲ್ಲ ಮಾತುಗಳನ್ನೂ ಸರಕಾರವು ಪಾಲಿಸತಕ್ಕದ್ದೆಂಬ ಒಂದು ವಾಕ್ಯವಿರುತ್ತದೆ. ಬಿಡಿ ಕರಾರುಗಳೆಲ್ಲ ಒಡಂಬಡಿಕೆಯ ನೆರಳಿಗೆ ಬಂದು ನಿಲ್ಲುವುದರಿಂದ ನ್ಯಾಯವೇತ್ತರು ಇದನ್ನು ‘ಕೊಡೆಯ ಷರತ್ತು’ ಎನ್ನುತ್ತಾರೆ. ಈ ವಾಕ್ಯದಿಂದ ಪ್ರತಿಯೊಂದು ಕರಾರುಭಂಗವೂ ಅಂತರರಾಷ್ಟ್ರೀಯ ತಪ್ಪಾಗುವುದೇ? ಸರಕುಗಳ ತಪಾಸಣೆ ಮಾಡುವ ಸ್ವಿಟ್ಜರ್ಲೆಂಡಿನ ಒಂದೇ ಕಂಪನಿಯ ಎರಡು ವ್ಯಾಜ್ಯಗಳಲ್ಲಿ ಎರಡು ಉತ್ತರಗಳು ಬಂದವು. ಪಾಕಿಸ್ತಾನದ ವಿರುದ್ಧದ ವ್ಯಾಜ್ಯದಲ್ಲಿ 2003ರ ಆಗಸ್ಟಿನಲ್ಲಿ ಮಧ್ಯಸ್ಥರು ‘ತಾನಾಗಿ ಆಗದು’ ಎಂದರು. ಹಾಗೆಂದರೆ ಸಣ್ಣಪುಟ್ಟ ಬಿಲ್ಲುಗಳೂ ಅಂತರರಾಷ್ಟ್ರೀಯ ವಿವಾದಗಳಾಗುವ ಭಯ ಅವರದು. ಫಿಲಿಪೈನ್ಸ್ ವಿರುದ್ಧದ ವ್ಯಾಜ್ಯದಲ್ಲಿ 2004ರ ಜನವರಿಯಲ್ಲಿ ಬೇರೆ ಮಧ್ಯಸ್ಥರು ‘ಆಗಬಹುದು’ ಎಂದರು. ಆದರೆ ಕರಾರಿನಲ್ಲಿ ಹೇಳಿದ ನ್ಯಾಯಾಲಯದಲ್ಲಿ ಬಾಕಿಯ ಲೆಕ್ಕ ಮೊದಲು ತೀರಲಿ ಎಂದು ವ್ಯಾಜ್ಯವನ್ನು ತಡೆಹಿಡಿದರು.

ಬೆಂಗಳೂರಿನ ಒಂದು ಕರಾರು

ಇವೆಲ್ಲ ದೂರದೇಶದ ವಾರ್ತೆಗಳೆಂದು ಭಾವಿಸುವಂತಿಲ್ಲ. ಕರ್ನಾಟಕದ ರಾಜಧಾನಿಯಲ್ಲಿಯೇ ಇಂಥದೊಂದು ಪ್ರಸಂಗ ನಡೆದಿದೆ. ಬಾಹ್ಯಾಕಾಶ ಇಲಾಖೆಯ ವಾಣಿಜ್ಯ ಸಂಸ್ಥೆಯಾದ ಆಂಟ್ರಿಕ್ಸ್, 2005ರ ಜನವರಿ 28ರಂದು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಎರಡು ಉಪಗ್ರಹಗಳ ‘ಎಸ್ ಬ್ಯಾಂಡ್’ ತರಂಗಗಳ ಬಹುಪಾಲನ್ನು ಬಾಡಿಗೆಗೆ ಕೊಡುವುದು ಅದರ ವಿಷಯ. ದೇವಾಸ್ ಕಂಪನಿಯಲ್ಲಿ ಮಾರಿಷಸ್ ಮೂಲಕ ಬಂದ ಬಂಡವಾಳವೂ ಜರ್ಮನಿಯ ಡಾಯ್ಚ ಟೆಲಿಕಾಂ ಕಂಪನಿಯ ಬಂಡವಾಳವೂ ಇದ್ದವು. ರಕ್ಷಣಾ ಪಡೆಗಳ ಮತ್ತು ಇತರ ಸಾರ್ವಜನಿಕ ಅಗತ್ಯಗಳಿಗೆ ಈ ತರಂಗಗಳು ಬೇಕೆಂದು 2011ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಭದ್ರತಾ ಸಮಿತಿಯು ತೀರ್ಮಾನಿಸಿತು, ಕರಾರು ರದ್ದಾಯಿತು.

ಒಂದೇ ಘಟನೆಯಿಂದ ಎಷ್ಟು ಬಗೆಯ ವ್ಯಾಜ್ಯಗಳು ಕವಲೊಡೆದವೆಂಬುದು ಅಧ್ಯಯನಯೋಗ್ಯವಾಗಿದೆ. ಕರಾರುಭಂಗಕ್ಕಾಗಿ ದೇವಾಸ್ ಕಂಪನಿಯು ಕರಾರಿನ ಷರತ್ತಿನಂತೆಯೇ ಆಂಟ್ರಿಕ್ಸ್ ವಿರುದ್ಧ ಮಧ್ಯಸ್ಥಿಕೆಗೆ ಹೋಗಿ, 2015ರಲ್ಲಿ 56.25 ಕೋಟಿ ಡಾಲರುಗಳ ತೀರ್ಪನ್ನು ಪಡೆಯಿತು. ವಿದೇಶೀ ಷೇರುದಾರರು ಮಾರಿಷಸ್ ಮತ್ತು ಜರ್ಮನಿಗಳೊಡನೆ ಭಾರತವು ಮಾಡಿಕೊಂಡಿದ್ದ ಒಡಂಬಡಿಕೆಗಳಂತೆ ಭಾರತ ಸರಕಾರದ ಮೇಲೆಯೇ ಪ್ರತ್ಯೇಕ ದಾವೆ ಹೂಡಿ ಗೆದ್ದರು. ಮಾರಿಷಸ್ ವ್ಯಾಜ್ಯದ ಮಧ್ಯಸ್ಥರು 2016ರಲ್ಲಿ ತರಂಗಗಳ ಶೇಕಡಾ 60 ಭಾಗವನ್ನು ದೇಶದ ರಕ್ಷಣೆಗಾಗಿ ಹಿಂತೆಗೆದುಕೊಂಡುದು ಸರಿಯೆಂದೂ ಉಳಿದ ಶೇಕಡಾ 40ಕ್ಕೆ ಪರಿಹಾರ ಸಲ್ಲಬೇಕೆಂದೂ ಬಹುಮತದಿಂದ ನಿರ್ಣಯಿಸಿದರು. ಪರಮಾಧಿಕಾರದ ಕಾರ್ಯಕ್ಕೂ ಹೊಣೆಗೂ ನಡುವಿನ ಗೆರೆಯನ್ನು ಇಷ್ಟು ನಿಖರವಾಗಿ ಎಳೆದ ತೀರ್ಪು ವಿರಳ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕರಾರನ್ನೇ ವಂಚನೆಯಿಂದ ಪಡೆಯಲಾಗಿತ್ತೆಂಬ ಆರೋಪದ ಮೇಲೆ ಕಂಪನಿ ಕಾನೂನು ನ್ಯಾಯಮಂಡಲಿಯ ಬೆಂಗಳೂರು ಪೀಠವು 2021ರ ಮೇ ತಿಂಗಳಲ್ಲಿ ದೇವಾಸ್ ಕಂಪನಿಯನ್ನು ವಿಸರ್ಜಿಸಲು ಆಜ್ಞೆಯಿತ್ತಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದಿಲ್ಲಿ ಉಚ್ಚ ನ್ಯಾಯಾಲಯವು 2015ರ ಮಧ್ಯಸ್ಥ ತೀರ್ಪನ್ನು ರದ್ದುಪಡಿಸಿತು. ಆದರೂ ಹಣ ವಸೂಲಿಯ ಪ್ರಯತ್ನಗಳು ಹೊರದೇಶಗಳಲ್ಲಿ ಮುಂದುವರಿದವು. 2025ರ ಜೂನ್ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಲ್ಲಿಯ ನ್ಯಾಯಾಲಯಗಳ ಅಧಿಕಾರವ್ಯಾಪ್ತಿಯ ಪ್ರಶ್ನೆಯಲ್ಲಿ ದೇವಾಸ್ ಪರವಾಗಿ ತೀರ್ಪಿತ್ತು, ವ್ಯಾಜ್ಯವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. ಇಪ್ಪತ್ತು ವರ್ಷಗಳ ಹಿಂದಿನ ಒಂದು ಸಹಿಯ ಫಲವಿದು.

ಇಂಥ ಅನುಭವಗಳಿಂದ ಭಾರತವು ತನ್ನ ನೀತಿಯನ್ನು ಬದಲಿಸಿಕೊಂಡಿತು. 2016ರಿಂದೀಚೆಗೆ ಐವತ್ತಕ್ಕೂ ಹೆಚ್ಚು ಹಳೆಯ ಒಡಂಬಡಿಕೆಗಳನ್ನು ಮುಕ್ತಾಯಗೊಳಿಸಲು ಅದು ತಿಳುವಳಿಕೆ ನೀಡಿತು. ಆ ಕಾಲದಲ್ಲಿ ರೂಪಿಸಿದ ಮಾದರಿ ಒಡಂಬಡಿಕೆಯಂತೆ, ಬಂಡವಾಳಗಾರನು ಮೊದಲು ಐದು ವರ್ಷ ಭಾರತದ ನ್ಯಾಯಾಲಯಗಳಲ್ಲಿ ಪರಿಹಾರವನ್ನು ಅರಸಬೇಕು. ಬರಿಯ ಕರಾರುಭಂಗದ ದೂರನ್ನು ಅಂತರರಾಷ್ಟ್ರೀಯ ಮಧ್ಯಸ್ಥರ ಮುಂದೆ ತರುವಂತಿಲ್ಲ. 1929ರ ತೀರ್ಪಿನ ಭೇದವೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ.

ಉಪಸಂಹಾರ

ಈ ದೀರ್ಘ ಇತಿಹಾಸದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಸರಕಾರದ ಕರಾರುಭಂಗವೆಲ್ಲವೂ ಅಂತರರಾಷ್ಟ್ರೀಯ ನ್ಯಾಯದ ಭಂಗವಲ್ಲ. ರಾಜಾಧಿಕಾರದ ದುರ್ಬಳಕೆಯಾದಾಗ, ಇಲ್ಲವೆ ಒಡಂಬಡಿಕೆಯ ಮಾತಿಗೆ ತಪ್ಪಿದಾಗ ಮಾತ್ರ ಅದು ಹಾಗಾಗುತ್ತದೆ. ಸಾರ್ವಜನಿಕ ಹಿತಕ್ಕಾಗಿ ಕರಾರನ್ನು ಮುರಿಯುವ ಅಧಿಕಾರವು ರಾಷ್ಟ್ರಕ್ಕೆ ಉಂಟು. ಬೆಲೆ ತೆರದೆ ಮುರಿಯುವ ಅಧಿಕಾರವಿಲ್ಲ. ಮೂರನೆಯದಾಗಿ, ಆ ಬೆಲೆಯನ್ನು ತೆರುವವರು ಸಹಿ ಹಾಕಿದ ಮಂತ್ರಿಯೂ ಅಲ್ಲ, ಮುರಿದ ಅಧಿಕಾರಿಯೂ ಅಲ್ಲ. ಕರ ಕೊಡುವ ಪ್ರಜೆಗಳು.

ಆದುದರಿಂದ ಸರಕಾರದ ವಿವೇಕವು ಪರೀಕ್ಷೆಗೊಳಗಾಗುವುದು ಕರಾರನ್ನು ಮುರಿಯುವ ದಿನದಲ್ಲಿ ಅಲ್ಲ, ಅದನ್ನು ಬರೆಯುವ ದಿನದಲ್ಲಿ. ಯಾವ ಹಕ್ಕನ್ನು, ಎಷ್ಟು ವರ್ಷಕ್ಕೆ, ಯಾವ ಬೆಲೆಗೆ, ಯಾರಿಗೆ ಕೊಡಲಾಗುತ್ತಿದೆ ಎಂಬುದನ್ನು ಶಾಸನಸಭೆಯೂ ಪತ್ರಿಕೆಗಳೂ ವಿದ್ಯಾವಂತ ನಾಗರಿಕರೂ ಅಂದೇ ಕೇಳಿದ್ದರೆ, 1901ರ ಪರ್ಷಿಯದಲ್ಲಿ ಕೇಳಬಲ್ಲವರು ಇದ್ದಿದ್ದರೆ, ಅರ್ಧ ಶತಮಾನದ ಅನಂತರದ ಕಷ್ಟಗಳಲ್ಲಿ ಎಷ್ಟೋ ತಪ್ಪುತ್ತಿದ್ದವು. ಅಂತರರಾಷ್ಟ್ರೀಯ ನ್ಯಾಯ ಮತ್ತು ಒಡಂಬಡಿಕೆಗಳ ಕರ್ತವ್ಯಗಳ ಬಗೆಗೆ ಗೌರವವನ್ನು ಬೆಳೆಸಬೇಕೆಂದು ಭಾರತದ ಸಂವಿಧಾನದ 51ನೆಯ ವಿಧಿಯು ರಾಜ್ಯಕ್ಕೆ ನಿರ್ದೇಶಿಸಿದೆ. ಆ ಗೌರವವು ಉಳಿಯಬೇಕಾದರೆ ನಾಡು ತೂಗಿ ನುಡಿಯಬೇಕು. ನುಡಿದ ಮೇಲೆ ಅದರ ಭಾರವನ್ನು ಹೊರಬೇಕು. ಅದನ್ನು ಕೇಳಿ ತಿಳಿಯುವ ನಾಗರಿಕರನ್ನು ಬೆಳೆಸುವುದು ವಿದ್ಯಾಲಯಗಳ ಕೆಲಸ.